ಓಗೊಡದ ಅಂಬಿಗ

"ಅಯ್ಯನವರೇ, ಬಂದ ಮೇಲೆ ಬಿಟ್ಟು ಹೋಗದ ಸಂತೋಷ ಎಲ್ಲಿ ಸಿಗುತ್ತದೆ?"

ಕೇಳಿದವನು ಸತ್ಯಮಿತ್ರ. ಉಪದೇಶಿಯಾಗಲು ಓದುತ್ತಿದ್ದ ತರುಣ. ಕೇಳಿಸಿಕೊಂಡವರು ಅವನ ಗುರು ದೇವದಾನಯ್ಯನವರು. ಊರೂರಿನ ಕ್ರೈಸ್ತ ಸಭೆಗಳನ್ನು ನೋಡಿಕೊಳ್ಳುತ್ತಲೇ ತಲೆ ನರೆತವರು. ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ.

"ಬಂದದ್ದು ಯಾವಾಗ ಹೋಯಿತು?" ಎಂದು ಅಯ್ಯನವರು ತಿರುಗಿ ಕೇಳಿದರು.

"ಯಾವಾಗ ಹೋಯಿತೋ ತಿಳಿಯಲೇ ಇಲ್ಲ. ದೀಕ್ಷಾಸ್ನಾನವಾದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಈಗಲೂ ಅದೇ ಹಾಡು, ಅದೇ ಪ್ರಾರ್ಥನೆ. ಒಳಗೆ ಮಾತ್ರ ಏನೂ ಇಲ್ಲ. ಬೇಸಿಗೆ ಕಳೆದರೆ ನನ್ನನ್ನು ಒಂದು ಸಭೆಗೆ ಕಳಿಸುತ್ತೀರಿ. ಕ್ರಿಸ್ತನಲ್ಲಿ ಸಂತೋಷವಿದೆ ಎಂದು ಆ ಜನಕ್ಕೆ ಯಾವ ಮುಖದಿಂದ ಹೇಳಲಿ? ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ. ಹೋಗುವುದೇ ಬೇಡ ಎನ್ನಿಸಿದೆ."

"ಅದನ್ನು ತಿರುಗಿ ಪಡೆಯಲು ಏನು ಮಾಡಿದೆ?"

"ಕೋಣೆಯ ಬಾಗಿಲು ಹಾಕಿಕೊಂಡು ಉಪವಾಸ ಕೂತೆ. ಯಾರನ್ನೂ ಒಳಗೆ ಬಿಡಲಿಲ್ಲ, ಯಾರ ಜೊತೆಗೂ ಮಾತಾಡಲಿಲ್ಲ. ಆದರೂ ಬರಲಿಲ್ಲ."

"ಬರದೇ ಇದ್ದದ್ದು ಒಳ್ಳೆಯದೇ ಆಯಿತು" ಎಂದರು ಅಯ್ಯನವರು.

ಸತ್ಯಮಿತ್ರನ ಮುಖ ಕೆಂಪಾಯಿತು. ತನ್ನ ಸಂಕಟವನ್ನು ಗುರುಗಳು ಹಗುರವಾಗಿ ತೆಗೆದುಕೊಂಡರು ಎಂದುಕೊಂಡ. ಅಯ್ಯನವರು ಅದನ್ನು ಗಮನಿಸಿದರು, ಸಮಾಧಾನ ಹೇಳಲು ಹೋಗಲಿಲ್ಲ. ಕತೆ ಹೇಳಲು ಶುರು ಮಾಡಿದರು.

ಒಂದು ಹೊಳೆಯ ದಂಡೆಯಲ್ಲಿ ಒಬ್ಬ ಅಂಬಿಗನಿದ್ದ. ಹೊಳೆಗೆ ಸೇತುವೆ ಇರಲಿಲ್ಲ. ಹರಿಗೋಲಿನಲ್ಲಿ ಜನರನ್ನು ದಾಟಿಸುವುದು ಅವನ ಕಸುಬು.

ಆ ಹೊಳೆಯ ಅಂಬಿಗರಿಗೆ ಒಂದು ಕಟ್ಟಳೆ ಇತ್ತು. ಆಚೆ ದಂಡೆಯಿಂದ ಯಾರಾದರೂ 'ಓ ಅಂಬಿಗಾ' ಎಂದು ಕೂಗಿದರೆ, ಕೇಳಿಸಿದ ಕೂಡಲೇ 'ಓ' ಎನ್ನಬೇಕು. ಹರಿಗೋಲು ಬಿಡುವುದು ಆಮೇಲಾದರೂ ಆದೀತು. ಊಟಕ್ಕೆ ಕೂತಿರಲಿ, ಜ್ವರ ಬಂದು ಮಲಗಿರಲಿ, ಹೆಂಡತಿಯ ಜೊತೆ ಜಗಳ ಕಾಯುತ್ತಿರಲಿ, ಓಗೊಡುವುದನ್ನು ತಪ್ಪಿಸುವಂತಿಲ್ಲ. ಇದರಲ್ಲಿ ಮರ್ಯಾದೆಯ ಪ್ರಶ್ನೆ ಏನೂ ಇಲ್ಲ. ಓಗೊಟ್ಟದ್ದು ಕೇಳಿಸಿದರೆ ಕೂಗಿದವನು ಕಲ್ಲಿನ ಮೇಲೆ ಕೂತು ಕಾಯುತ್ತಾನೆ. ಕೇಳಿಸದಿದ್ದರೆ ಅಂಬಿಗ ಊರಲ್ಲಿಲ್ಲ ಎಂದುಕೊಂಡು, ಧೋತರ ಎತ್ತಿ ಕಟ್ಟಿ, ತಾನೇ ನೀರಿಗಿಳಿಯುತ್ತಾನೆ. ದಂಡೆಯಲ್ಲಿ ಮೊಣಕಾಲುದ್ದ ಇರುವ ನೀರು ನಡುಹೊಳೆಯಲ್ಲಿ ಆಳು ಮುಳುಗುವಷ್ಟಿರುತ್ತದೆ. ಆದ್ದರಿಂದ ಆ 'ಓ' ಎಂಬುದು ಎಷ್ಟೋ ಜನರ ಜೀವ ಉಳಿಸಿತ್ತು.

ನಮ್ಮ ಅಂಬಿಗ ಮೊದಲು ಒಳ್ಳೆಯವನೇನಲ್ಲ. ಹೆಂಡ ಕುಡಿಯುತ್ತಿದ್ದ, ಮನೆಯಲ್ಲಿ ಕೈ ಎತ್ತುತ್ತಿದ್ದ. ಒಂದು ದಿನ ಒಬ್ಬ ಮುದಿ ಉಪದೇಶಿ ಅವನ ಹರಿಗೋಲು ಹತ್ತಿದ. ದಾಟುವಷ್ಟು ಹೊತ್ತಿನಲ್ಲಿ ಯೇಸುಸ್ವಾಮಿಯ ಕತೆ ಹೇಳಿದ. ಅದು ಮುಗಿಯುವ ಮೊದಲೇ ದಂಡೆ ಬಂತು. ಅಂಬಿಗ ಹರಿಗೋಲನ್ನು ದಂಡೆಗೆ ಹಚ್ಚದೆ ಹೊಳೆಯಲ್ಲೇ ತಿರುಗಿಸುತ್ತಾ ಕೊನೆಯವರೆಗೂ ಕೇಳಿದ. ಕೇಳಿ ನಂಬಿದ. ಉಪದೇಶಿಗೆ ತಲೆ ಸುತ್ತು ಬಂತಂತೆ, ಅದು ಬೇರೆ ಮಾತು.

ಅವತ್ತಿನಿಂದ ಅವನ ಬಾಳು ಬದಲಾಯಿತು. ಹೆಂಡ ಬಿಟ್ಟ. ಹೆಂಡತಿಯ ಮುಂದೆ ಕೂತು ಅತ್ತ. ಹುಟ್ಟು ಹಾಕುವಾಗ ಹಾಡತೊಡಗಿದ. ಆಚೆಯಿಂದ ಕೂಗು ಬಂದರೆ 'ಓ' ಎಂದವನು ಅದನ್ನೇ ಎಳೆದು ಹಾಡು ಮಾಡುತ್ತಿದ್ದ. ಕಂಠ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೂ ಹೊಲದಲ್ಲಿದ್ದವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ದಾಟುವ ಕೆಲಸವಿಲ್ಲದ ಮಕ್ಕಳೂ ಆಚೆ ದಂಡೆಗೆ ಬಂದು ಸುಮ್ಮಸುಮ್ಮನೆ ಕೂಗುತ್ತಿದ್ದರು. ಅವನು ಬೈಯದೆ ಅವರಿಗೂ ಓಗೊಡುತ್ತಿದ್ದ.

ಹೀಗೇ ಇದ್ದಿದ್ದರೆ ನಾನು ಈ ಕತೆ ಹೇಳುವ ಅಗತ್ಯ ಇರಲಿಲ್ಲ.

ಬರಬರುತ್ತಾ ಅವನ ಹುರುಪು ಇಳಿಯಿತು. ಹರಿಗೋಲಿನ ತೊಗಲು ಸೋರತೊಡಗಿತು. ದಾಟುವವರು ತಡವಾಯಿತೆಂದು ಗೊಣಗಿದರು. ಒಬ್ಬ ಆಡನ್ನು ಹತ್ತಿಸಿಕೊಂಡ, ಇನ್ನೊಬ್ಬ ಆ ಆಡಿನ ಸಲುವಾಗಿ ಜಗಳ ತೆಗೆದ. ಅಂಬಿಗ ತನ್ನೊಳಗೆ ನೋಡಿಕೊಂಡ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಬಂದ ಸಂತೋಷ ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಇದನ್ನು ಜನರೇ ಕದಿಯುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿತು.

ಮನೆಯ ಹಿಂದೆ ಮಣ್ಣಿನ ಗೋಡೆ ಎಬ್ಬಿಸಿ ಸಣ್ಣದೊಂದು ಪ್ರಾರ್ಥನೆಯ ಕೋಣೆ ಕಟ್ಟಿದ. ಬಾಗಿಲನ್ನು ಹೊಳೆಗೆ ಬೆನ್ನಾಗುವಂತೆ ಇಟ್ಟ. ಗಾಳಿಗೆಂದು ಒಂದೇ ಒಂದು ಕಿಂಡಿ ಬಿಟ್ಟ. ಮೊದಮೊದಲು ಅಲ್ಲಿ ಬೆಳಗಿನ ಹೊತ್ತು ಕೂರುತ್ತಿದ್ದ. ಆಮೇಲೆ ಮಧ್ಯಾಹ್ನವೂ ಕೂತ. ಹೊಳೆಯ ಆಚೆಯಿಂದ ಕೂಗು ಬಂದರೂ ಏಳಲಿಲ್ಲ, ಬಾಯಿ ತೆರೆಯಲಿಲ್ಲ.

ಹೆಂಡತಿ ಬಾಗಿಲ ಹತ್ತಿರ ಬಂದು ಕೇಳಿದಳು. "ಆಚಿ ದಂಡ್ಯಾಗ ಕೂಗಾಕತ್ತಾರ. ಕೇಳಸ್ತೈತೋ ಇಲ್ಲೋ?"

"ಕೇಳಸ್ತೈತಿ. ಕಾಯ್ಲಿ. ನಾ ಕರ್ತನ ಸಂಗಾಟ ಮಾತಾಡಾಕತ್ತೀನಿ."

"ಓ ಅನ್ನಾಕ ಎಷ್ಟೊತ್ತು ಬೇಕ? ಅಷ್ಟಕ್ಕ ಕರ್ತ ಸಿಟ್ಟಾಗತಾನೇನು?"

ಅಂಬಿಗ ಮತ್ತೆ ಕಣ್ಣು ಮುಚ್ಚಿದ. ಹೆಂಡತಿ ತಾನೇ ದಂಡೆಗೆ ಹೋಗಿ 'ಓ' ಎಂದಳು. ಅಂದಿನಿಂದ ಅದು ಅವಳ ಕೆಲಸವಾಯಿತು. ಹೊಳೆಗೆ ಹೆಣ್ಣುದನಿಯ ಅಂಬಿಗ ಬಂದಿದ್ದಾನೆ ಎಂದು ಆಚೆಯವರು ನಕ್ಕರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಗಂಡ ಕುಡಿಯುವುದಿಲ್ಲವಲ್ಲ, ಅಷ್ಟು ಸಾಕು ಎಂದುಕೊಂಡಳು.

ಪ್ರಾರ್ಥನೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನನ್ನ ಅನ್ನಕ್ಕೇ ನಾನು ಮಣ್ಣು ಹಾಕಿಕೊಂಡಂತೆ. ಆದರೆ ಅವನು ಆ ಕೋಣೆಯಲ್ಲಿ ಕರ್ತನನ್ನು ಕರೆಯುತ್ತಿರಲಿಲ್ಲ. ಕರ್ತನ ಕೈಯಲ್ಲಿದ್ದ ಸಂತೋಷವನ್ನು ಕೇಳುತ್ತಿದ್ದ. ಮನೆಗೆ ಬಂದ ತಾಯಿಯ ಮುಖ ನೋಡದೆ ಅವಳ ಚೀಲಕ್ಕೆ ಕೈ ಹಾಕುವ ಮಗುವಿನ ಹಾಗೆ.

ಒಂದು ದಿನ ಹೆಂಡತಿ ತಂಗಿಯ ಬಾಣಂತನಕ್ಕೆಂದು ಬೇರೆ ಊರಿಗೆ ಹೋದಳು. ಹೋಗುವಾಗ ಹೇಳಿ ಹೋದಳು, ಕೂಗಿದರೆ ಓಗೊಡು ಎಂದು. ಅವನು ತಲೆಯಾಡಿಸಿದ.

ಅವತ್ತು ಆಕಾಶ ಬಿಳುಪಾಗಿತ್ತು. ಒಂದು ಮೋಡವೂ ಇರಲಿಲ್ಲ. ಆದರೆ ಮೇಲಿನ ಸೀಮೆಯಲ್ಲಿ ಮಳೆಯಾಗಿತ್ತು. ಬೆಳಿಗ್ಗೆ ಅಂಬಿಗ ದಂಡೆಗೆ ಹೋದಾಗ ನೀರು ಕೆಂಪಗಿತ್ತು, ನೊರೆ ತೇಲುತ್ತಿತ್ತು. ಹೊಳೆ ಏರುತ್ತಿದೆ ಎಂದು ಅವನಿಗೆ ತಿಳಿಯಿತು. ದಾಟುವವರಿಗೆ ಅದು ತಿಳಿಯುವುದಿಲ್ಲ. ಅದನ್ನು ತಿಳಿಯುವುದೇ ಅಂಬಿಗನ ವಿದ್ಯೆ. ಅವನು ಹರಿಗೋಲನ್ನು ಮೇಲಕ್ಕೆಳೆದು ಕವುಚಿ ಹಾಕಿದ. ಇವತ್ತು ಯಾರನ್ನೂ ದಾಟಿಸುವಂತಿಲ್ಲ, ಯಾರ ಕಾಟವೂ ಇಲ್ಲ ಎಂದು ಅವನಿಗೆ ಖುಷಿಯೇ ಆಯಿತು. ಕೋಣೆ ಹೊಕ್ಕು ಬಾಗಿಲು ಹಾಕಿದ.

ಮೊಣಕಾಲೂರಿ ಬೇಡಿದ. ಕರ್ತನೇ, ಮೊದಲಿನ ಆ ಸಂತೋಷವನ್ನು ಕೊಡು. ಅದು ಬರುವ ತನಕ ನಾನು ಇಲ್ಲಿಂದ ಏಳುವುದಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಚೆ ದಂಡೆಯಿಂದ ಕೂಗು ಬಂತು. "ಓ ಅಂಬಿಗಾ!"

ಅವನು ಕಣ್ಣು ತೆರೆಯಲಿಲ್ಲ. ದಾಟಿಸಲು ಆಗುವುದೇ ಇಲ್ಲವಲ್ಲ, ಓಗೊಟ್ಟು ಏನು ಉಪಯೋಗ ಎಂದುಕೊಂಡ. ಮತ್ತೆ ಕೂಗು ಬಂತು. ಎಳೆಯ ಗಂಡುದನಿ. ಅಂಬಿಗನಿಗೆ ಸಿಟ್ಟು ಬಂತು. ಕಿವಿ ಮುಚ್ಚಿಕೊಂಡ. ಕೂಗು ಬೆರಳ ಸಂದಿನಿಂದ ಒಳಗೆ ಬಂತು. ಅದನ್ನು ಅಡಗಿಸಲು ಗಟ್ಟಿಯಾಗಿ ಪ್ರಾರ್ಥನೆ ಮಾಡಿದ. ಒಂದು ಗಳಿಗೆ ಎರಡು ದನಿಗಳೂ ಒಂದರ ಮೇಲೊಂದು ಬಿದ್ದವು. ಇವನು ಕರ್ತನೇ ಎಂದ, ಅವನು ಅಂಬಿಗಾ ಎಂದ.

ಆಮೇಲೆ ಆ ಕೂಗು ಬದಲಾಯಿತು. ದಂಡೆಯಿಂದ ಬರುತ್ತಿದ್ದುದು ನೀರಿನ ನಡುವಿನಿಂದ ಬರತೊಡಗಿತು. ಹೊಳೆಯ ಮಗ್ಗುಲಲ್ಲೇ ಹುಟ್ಟಿ ಬೆಳೆದವನು ಅವನು. ಅವನಿಗೆ ಆ ವ್ಯತ್ಯಾಸ ಗೊತ್ತಾಗಲೇಬೇಕು. ಗೊತ್ತಾಯಿತು ಕೂಡ.

ಅಂಬಿಗ ಎದ್ದ. ಹೊದ್ದಿದ್ದ ಕಂಬಳಿಯನ್ನು ತೆಗೆದು ಮುದ್ದೆ ಮಾಡಿ ಆ ಕಿಂಡಿಗೆ ತುರುಕಿದ. ಮತ್ತೆ ಬಂದು ಮೊಣಕಾಲೂರಿದ.

ಸತ್ಯಮಿತ್ರ ಕೂತಲ್ಲೇ ಅಲುಗಾಡಿದ. "ಅಯ್ಯನವರೇ..." ಎಂದ. ಅಯ್ಯನವರು ಕೈಯೆತ್ತಿ ಅವನನ್ನು ತಡೆದರು.

ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ಕೋಣೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಅಂಬಿಗನ ಎದೆ ಹಗುರಾಯಿತು. ಅವನು ಇಷ್ಟು ದಿನ ಬೇಡಿದ ಸಂತೋಷ ಬಂತು.

"ಬಂತೇ?" ಎಂದು ಸತ್ಯಮಿತ್ರ ಕೂಗಿಯೇ ಬಿಟ್ಟ.

"ಬಂತು" ಎಂದರು ಅಯ್ಯನವರು. "ಅದಕ್ಕೇ ನಿನಗೆ ಬರದಿದ್ದುದು ಒಳ್ಳೆಯದಾಯಿತು ಎಂದೆ. ಮುಂದಿನದು ಕೇಳು."

ಅವನು ಅತ್ತ, ನಕ್ಕ, ನೆಲಕ್ಕೆ ಹಣೆ ಹಚ್ಚಿ ಕರ್ತನಿಗೆ ಸ್ತೋತ್ರ ಹೇಳಿದ. ನನ್ನ ಪ್ರಾರ್ಥನೆ ಕೇಳಿದೆಯಲ್ಲಾ ತಂದೆಯೇ ಎಂದ. ಹೊತ್ತು ಮುಳುಗುವ ಮೊದಲು ಬಾಗಿಲು ತೆರೆದು ಹೊರಗೆ ಬಂದ. ಎಷ್ಟೋ ಕಾಲದ ಮೇಲೆ ಅವನ ಬಾಯಲ್ಲಿ ಹಾಡು ಬಂತು. ಹಾಡಿಕೊಂಡೇ ದಂಡೆಗೆ ಇಳಿದ.

ದಂಡೆಯಲ್ಲಿ ಜನ ನಿಂತಿದ್ದರು. ಹೊಳೆಯ ತಿರುವಿನಲ್ಲಿ, ಮರದ ಬೇರಿಗೆ ಸಿಕ್ಕಿಕೊಂಡಿದ್ದ ಹುಡುಗನನ್ನು ಎಳೆದು ತಂದು ಮರಳಿನ ಮೇಲೆ ಮಲಗಿಸಿದ್ದರು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಧೋತರ ಎತ್ತಿ ಕಟ್ಟಿದ್ದು ಹಾಗೇ ಇತ್ತು. ಹಾಡು ಕೇಳಿ ಎಲ್ಲರೂ ತಿರುಗಿ ನೋಡಿದರು.

ಯಾರೂ ಬೈಯಲಿಲ್ಲ, ಯಾರೂ ಹೊಡೆಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಒಬ್ಬ ಮುದುಕ ಮಾತ್ರ ಕೇಳಿದ.

"ಮನ್ಯಾಗ ಇದ್ದೇನು?"

ಅಂಬಿಗ ಇದ್ದೆ ಎನ್ನಲು ಬಾಯಿ ತೆರೆದ. ದನಿ ಹೊರಡಲಿಲ್ಲ. ಅವನು ಸಂತೋಷ ಎಂದುಕೊಂಡದ್ದು ಏನು ಎಂದು ಅವನಿಗೆ ಆಗ ತಿಳಿಯಿತು. ಆ ಹುಡುಗನ ಬಾಯಿಗೆ ನೀರು ತುಂಬಿದ ಗಳಿಗೆಯಲ್ಲಿ ಅವನು ಕರ್ತನಿಗೆ ಸ್ತೋತ್ರ ಹೇಳಿದ್ದ. ಮರಳಿನ ಮೇಲೆ ಕುಸಿದು ಕೂತ.

ಅಂಬಿಗ ಆ ಕೋಣೆಯನ್ನು ಕೆಡವಿದ. ಹಾಡುವುದನ್ನು ಬಿಟ್ಟ. ಸಂತೋಷ ಕೊಡು ಎಂದು ಬೇಡುವುದನ್ನೂ ಬಿಟ್ಟ. ಅದನ್ನು ಬೇಡುವುದೇ ಪಾಪ ಎಂದು ಅವನಿಗೆ ಅನ್ನಿಸುತ್ತಿತ್ತು. ಪ್ರಾರ್ಥನೆಗೆ ಕೂತರೆ ಒಂದೇ ಮಾತು ಬರುತ್ತಿತ್ತು, ಕರ್ತನೇ ಕರುಣಿಸು ಎಂದು. ಅದೂ ಬಾಯಿಂದ ಮಾತ್ರ. ಕರುಣೆ ತನಗೆ ಸಲ್ಲುತ್ತದೆ ಎಂದು ಅವನು ನಂಬಿರಲಿಲ್ಲ.

ಹೊಳೆಯ ಹತ್ತಿರವೇ ಮಲಗತೊಡಗಿದ. ಆಚೆಯಿಂದ ಕೆಮ್ಮು ಕೇಳಿಸಿದರೂ 'ಓ' ಎನ್ನುತ್ತಿದ್ದ. ಆ 'ಓ' ಎಂಬುದರಲ್ಲಿ ಹಾಡು ಇರಲಿಲ್ಲ, ಏನೂ ಇರಲಿಲ್ಲ. ದಾಟುವವರು ಅವನ ಮುಖ ನೋಡದೆ ಕೂರುತ್ತಿದ್ದರು. ಕೆಲವರು ಅವನ ಹರಿಗೋಲು ಬೇಡವೆಂದು ದೂರದಲ್ಲಿ ಹೊಳೆ ದಾಟಿಸುವ ಇನ್ನೊಂದು ಕಡವಿಗೆ ನಡೆದು ಹೋಗುತ್ತಿದ್ದರು. ಅವನು ಯಾರಿಗೂ ಏನೂ ಹೇಳಲಿಲ್ಲ. ಹೀಗೆ ಮಳೆಗಾಲಗಳು ಬಂದು ಹೋದವು.

ಒಂದು ದಿನ ಆಚೆ ದಂಡೆಯಿಂದ ಒಬ್ಬ ಹೆಂಗಸಿನ ಕೂಗು ಬಂತು. ಅವನು ಓಗೊಟ್ಟ. ಹರಿಗೋಲು ಹಾಕಿ ಹೋದ. ವಯಸ್ಸಾದ ಹೆಂಗಸು ಕೈಯಲ್ಲಿ ಒಂದು ಗಂಟು ಹಿಡಿದು ಒಬ್ಬಳೇ ನಿಂತಿದ್ದಳು. ಹರಿಗೋಲು ಹತ್ತಿ ಅವನಿಗೆ ಎದುರಾಗಿ ಕೂತಳು. ಬೇರೆಯವರ ಹಾಗೆ ಮುಖ ತಿರುಗಿಸಲಿಲ್ಲ. ಅವನನ್ನೇ ನೋಡಿದಳು.

ನಡುಹೊಳೆಗೆ ಬಂದಾಗ ಅವಳು ಹೇಳಿದಳು. "ನೀ ಹಾಡತಿದ್ದೆಂತ. ಹಾಡು."

"ಈಗ ಹಾಡೂದಿಲ್ಲವ್ವಾ."

"ಯಾಕ?"

"ಒಂದು ಜೀವ ತಗೊಂಡಾಂವ ನಾ. ಇದ ಹೊಳ್ಯಾಗ. ಕೂಗಿದ್ದು ಕೇಳಿದ್ರೂ ಓ ಅನಲಿಲ್ಲ."

"ಗೊತ್ತೈತಿ" ಎಂದಳು ಅವಳು. "ಅಂವ ನನ್ನ ಮಗ. ಇದ್ದೊಬ್ಬ ಮಗ."

ಅಂಬಿಗನ ಕೈಯಿಂದ ಹುಟ್ಟು ಜಾರಿ ಹರಿಗೋಲಿನೊಳಗೆ ಬಿತ್ತು. ಹಿಡಿತ ತಪ್ಪಿದ ಹರಿಗೋಲು ನೀರಿನ ಮೇಲೆ ಸುತ್ತತೊಡಗಿತು. ಇವಳು ನನ್ನನ್ನು ಹೊಳೆಗೆ ನೂಕಲು ಬಂದಿದ್ದಾಳೆ ಎಂದುಕೊಂಡ. ನೂಕಿದರೆ ಒಳ್ಳೆಯದೇ ಎಂದೂ ಅನ್ನಿಸಿತು. ಹೆದರಿಕೆಯಲ್ಲೂ ಅವನಿಗೆ ಒಂದು ಬಗೆಯ ನಿರಾಳವಾಯಿತು.

ಅವಳು ನೂಕಲಿಲ್ಲ. "ನನಗ ಭಾಳ ಸಿಟ್ಟಿತ್ತು" ಎಂದಳು. "ಈಗೂ ಐತಿ. ಇಲ್ಲ ಅಂದ್ರ ಸುಳ್ಳಾಗತೈತಿ. ಆದ್ರ ನನ್ನ ಮಗ ಹೊಲದಾಗ ನಿಂತು ನಿನ್ನ ಹಾಡು ಕೇಳತಿದ್ದ. ಅದರಾಗ ಏನೋ ಐತೆವ್ವಾ, ಅಂವನ್ನ ಕೇಳಿ ತಿಳ್ಕೊಂಡು ಬರ್ತೀನಿ ಅಂತ ಹೊಂಟಾಂವ, ತಿರುಗಿ ಬರಲಿಲ್ಲ. ಅಂವ ಕೇಳಬೇಕಂತಿದ್ದದ್ದು ನಾ ಕೇಳಬೇಕು. ಹಾಡು."

"ಯಾವ ಬಾಯಿಂದ ಹಾಡ್ಲಿ, ಅವ್ವಾ?"

"ಇದ್ದ ಬಾಯಿಂದ ಹಾಡು. ನಿನ್ನ ತಪ್ಪು ನಾ ಬಿಟ್ಟೀನಿ. ಬಿಟ್ಟೇ ಹರಿಗೋಲ ಹತ್ತೀನಿ."

ಅಂಬಿಗ ಅವಳ ಪಾದದ ಹತ್ತಿರ ತಲೆ ಹಾಕಿ ಅತ್ತ. ಹರಿಗೋಲು ಸುತ್ತುತ್ತಲೇ ಇತ್ತು. ಅವಳು ಕಾದಳು. ಕೊನೆಗೆ ಅವನು ತಲೆ ಎತ್ತಿ ಹಾಡಿದ. ದನಿ ಒಡೆದಿತ್ತು, ಸಾಲುಗಳು ಮರೆತುಹೋಗಿದ್ದವು. ನೆನಪಿದ್ದಷ್ಟನ್ನು ಹಾಡಿದ. ಅವಳು ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು. ಆಗ ಅವನು ಬೇಡದೇ ಇದ್ದ ಸಂತೋಷ ಬಂತು. ಅಳು ನಿಂತ ಮೇಲೆ ಬಂದದ್ದಲ್ಲ ಅದು, ಅಳುವಿನ ನಡುವೆಯೇ ಬಂತು. ಬರಬಾರದ ಮನೆಗೆ ಬಂದ ನೆಂಟನ ಹಾಗೆ ಬಂದು ಕೂತಿತು. ಅಂಬಿಗನಿಗೆ ನಾಚಿಕೆಯಾಯಿತು. ಆದರೂ ಅದು ಏಳಲಿಲ್ಲ.

ಆಮೇಲೂ ಹರಿಗೋಲಿನ ತೊಗಲು ಸೋರಿತು, ಜನ ಗೊಣಗಿದರು, ಆಡಿನ ಜಗಳಗಳೂ ಆದವು. ಸಾಯುವ ತನಕ ಆ ಹುಡುಗನ ಮುಖವನ್ನು ಅವನು ಮರೆಯಲಿಲ್ಲ. ಆದರೆ ಆ ಸಂತೋಷವೂ ಸಾಯುವ ತನಕ ಅವನನ್ನು ಬಿಡಲಿಲ್ಲ. ಕಾರಣ ಕೇಳಿದವರಿಗೆ ಅವನು ಒಂದೇ ಮಾತು ಹೇಳುತ್ತಿದ್ದ, ಅದು ನನ್ನದಲ್ಲ, ಆಕೆ ಕೊಟ್ಟದ್ದು ಎಂದು.

ಅಯ್ಯನವರು ಕತೆ ನಿಲ್ಲಿಸಿದರು.

ಸತ್ಯಮಿತ್ರನಿಗೆ ಸಿಟ್ಟು ಬಂದಿತ್ತು. "ಇದನ್ನು ನಾನು ಒಪ್ಪುವುದಿಲ್ಲ" ಎಂದ. "ಕಂಬಳಿ ತುರುಕಿದನಲ್ಲಾ, ಅದನ್ನು ಒಪ್ಪುತ್ತೇನೆ. ಅಂಥವರು ಇರಬಹುದು. ನಾನೂ ಬಾಗಿಲು ಹಾಕಿಕೊಂಡವನೇ. ಆದರೆ ಆ ತಾಯಿಯನ್ನು ನಂಬಲು ನನ್ನಿಂದ ಆಗುವುದಿಲ್ಲ. ತನ್ನ ಒಬ್ಬನೇ ಮಗನನ್ನು ಕೊಂದವನ ಮುಂದೆ ಕೂತು, ನಿನ್ನ ತಪ್ಪನ್ನು ಬಿಟ್ಟಿದ್ದೇನೆ, ಹಾಡು ಎನ್ನುವವರು ಈ ಲೋಕದಲ್ಲಿ ಎಲ್ಲಿದ್ದಾರೆ, ಅಯ್ಯನವರೇ?"

ಅಯ್ಯನವರು ತಿರುಗಿ ಕೇಳಿದರು.

"ಪ್ರತಿ ಭಾನುವಾರ ನೀನು ಯಾರ ಮನೆಗೆ ಹೋಗಿ ಹಾಡುತ್ತೀ, ಸತ್ಯಮಿತ್ರ? ಆತನ ಒಬ್ಬನೇ ಮಗನನ್ನು ಶಿಲುಬೆಗೆ ಹಾಕಿದವರು ಯಾರು?"